ಹಿಲ್ಡಾಳ ನೂರನೆಯ ಹಾರಾಟ

"ಆ ಬಾಂಬಿನ ಬಾಲ ಸ್ವಲ್ಪ ಸೊಟ್ಟಗಾಯ್ತು ಕಣಯ್ಯ," ಎಂದು ಸಿರಿಲ್ ಕೆಳಗಿನಿಂದ ಕೂಗಿದ.

"ಸೊಟ್ಟ ಇರೋದು ನಿನ್ನ ಕಣ್ಣು," ಎಂದ ಏಣಿಯ ಮೇಲಿದ್ದ ವಿಲ್ಫ್, ತಿರುಗಿಯೂ ನೋಡದೆ. ಹಿಲ್ಡಾ ಎಂಬ ತನ್ನ ವಿಮಾನದ ಮೂತಿಯ ಪಕ್ಕದಲ್ಲಿ ನೂರನೆಯ ಹಳದಿ ಬಾಂಬಿನ ಚಿತ್ರ ಬರೆದು ಮುಗಿಸಿದ.

ಮಹಾಯುದ್ಧದ ಕಾಲ; ಇಂಗ್ಲೆಂಡಿನ ಲಿಂಕನ್‌ಶೈರಿನ ಆ ವಾಯುನೆಲೆಯಲ್ಲಿ ಇಬ್ಬರೂ ಮೆಕ್ಯಾನಿಕ್ ಸಾರ್ಜೆಂಟರು. ಅಕ್ಕಪಕ್ಕದ ಕಾಂಕ್ರೀಟ್ ಹಾಸಿನ ಮೇಲೆ ಇಬ್ಬರಿಗೂ ಒಂದೊಂದು ಲ್ಯಾಂಕಾಸ್ಟರ್ ಬಾಂಬರ್. ದಾಳಿ ಮುಗಿಸಿ ಬಂದರೆ ವಿಮಾನದ ಮೂತಿಗೆ ಒಂದು ಬಾಂಬಿನ ಚಿತ್ರ. ಹಿಲ್ಡಾ ಹದಿನಾಲ್ಕು ತಿಂಗಳಿಂದ ಹೋಗಿ ಬರುತ್ತಲೇ ಇದ್ದಳು. ಅಷ್ಟರಲ್ಲಿ ಸಿರಿಲ್‌ನ ನಾಲ್ಕು ವಿಮಾನ ಹೋಗಿ ಮರಳಿರಲಿಲ್ಲ. ಐದನೆಯದರ ಮೇಲೆ ಇದ್ದದ್ದು ಆರೇ ಬಾಂಬು. ಅವನೇನು ಕೆಲಸಗಳ್ಳನಲ್ಲ. ಹಿಮದಲ್ಲಿ ಬೆರಳು ಸೆಟೆದಾಗಲೂ ಒಂದು ಬೋಲ್ಟನ್ನು ನೋಡದೆ ಬಿಟ್ಟವನಲ್ಲ. ಆದರೂ ಪೈಲಟ್‌ಗಳು ಹೆಗಲ ಮೇಲೆ ಕೈ ಹಾಕುತ್ತಿದ್ದುದು ವಿಲ್ಫ್‌ಗೇ. ಸಿರಿಲ್‌ಗೆ ಹೊಟ್ಟೆ ಉರಿಯುತ್ತಿತ್ತು, ಅದರಲ್ಲಿ ಮುಚ್ಚಿಡುವುದೇನು.

ಮರುದಿನ ಪತ್ರಿಕೆಯವರು ಫೋಟೋಕ್ಕೆ ಬರುವವರಿದ್ದರು. ನೂರು ಮುಗಿಸಿದ ಹಿಲ್ಡಾಗೆ ಇನ್ನು ಯುದ್ಧವಿಲ್ಲ, ತರಬೇತಿ ಶಾಲೆ ಎಂದು ಆದೇಶವೂ ಆಗಿತ್ತು.

ಆ ನೂರರಲ್ಲಿ ಒಂದು ಸುಳ್ಳು. ಮಾರ್ಚಿನಲ್ಲಿ ಶತ್ರುವಿನ ಗುಂಡು ತಗುಲಿ ಹಿಲ್ಡಾ ಸಮುದ್ರದ ಮೇಲಿಂದಲೇ ಮರಳಿದ್ದಳು. ಗುರಿ ಮುಟ್ಟದೆ ಬಂದರೆ ಬಾಂಬು ಬರೆಯುವಂತಿಲ್ಲ. ಆದರೆ ಅಂದು ಬಾಲದಲ್ಲಿ ಕೂತು ಗುಂಡು ಹಾರಿಸುವ ಗನ್ನರ್ ಹೆಣವಾಗಿ ಬಂದಿದ್ದ. ವಿಲ್ಫ್ ಮಾತಾಡದೆ ಒಂದು ಬರೆದ. ಇಡೀ ನೆಲೆ ನೋಡಿಯೂ ನೋಡದಂತೆ ಇದ್ದುಬಿಟ್ಟಿತು.

ಸಿರಿಲ್ ಆ ಮಧ್ಯಾಹ್ನವೇ ಎಂಜಿನಿಯರಿಂಗ್ ಅಧಿಕಾರಿಯ ಬಳಿ ಹೋಗಿ ಆ ಸುಳ್ಳು ಬಾಂಬಿನ ವಿಷಯ ಹೇಳಿದ. "ಪೇಪರ್‌ನಲ್ಲಿ ಬಂದ್ಮೇಲೆ ಯಾರಾದ್ರೂ ಕೆದಕಿದ್ರೆ ನಮ್ಮ ಮರ್ಯಾದೆನೇ ಹೋಗೋದು ಸರ್. ಅದಕ್ಕೆ ಹೇಳ್ದೆ."

ಅಧಿಕಾರಿ ಹಿಲ್ಡಾಳ ದಾಖಲೆ ಪುಸ್ತಕ ತಿರುವಿ ಹಾಕಿ ಮುಚ್ಚಿಟ್ಟರು. "ನೀನು ಬಾಯಿ ಬಿಡದೆ ಇದ್ದಿದ್ರೆ ಚೆನ್ನಾಗಿತ್ತು. ಇನ್ನು ನಾನು ಕಣ್ಣು ಮುಚ್ಕೊಳ್ಳೋಕಾಗಲ್ಲ. ಲೆಕ್ಕ ತೊಂಬತ್ತೊಂಬತ್ತೇ. ನಾಳೆ ಬೆಳಿಗ್ಗೆ ದಾಳಿಗೆ ಅವಳೂ ಹೋಗಿ ನೂರು ಮುಗಿಸ್ಲಿ."

ಸಿರಿಲ್‌ಗೆ ಬೇಕಾಗಿದ್ದುದು ಫೋಟೋ ನಿಲ್ಲುವುದಷ್ಟೇ. "ಹಾರ್ಸೋದೇನೂ ಬೇಡ ಸರ್..." ಎಂದ. ಅಧಿಕಾರಿ ಆಗಲೇ ಫೋನ್ ಎತ್ತಿಕೊಂಡಿದ್ದರು.

ಬೆಳಿಗ್ಗೆ ಹದಿನಾರು ವಿಮಾನಗಳು ಫ್ರಾನ್ಸಿಗೆ ಹೊರಟವು. ಮಧ್ಯಾಹ್ನ ಒಂದೊಂದಾಗಿ ಇಳಿಯತೊಡಗಿದವು. ಸಿರಿಲ್ ತನ್ನ ಜಾಗ ಬಿಟ್ಟು ವಿಲ್ಫ್ ಪಕ್ಕದಲ್ಲಿ, ಹಿಲ್ಡಾಳ ಖಾಲಿ ಹಾಸಿನ ಮೇಲೆ ಬಂದು ನಿಂತಿದ್ದ. ಹದಿನಾಲ್ಕು ಬಂದವು; ಬಾರದೆ ಉಳಿದವು ಹಿಲ್ಡಾ ಮತ್ತು ಸಿರಿಲ್‌ನ ವಿಮಾನ. ಆಮೇಲೆ ಬಹಳ ಹೊತ್ತು ಏನೂ ಇಲ್ಲ.

"ನಾನೇ ಕಣೋ ಹೇಳಿದ್ದು," ಎಂದ ಸಿರಿಲ್.

"ಗೊತ್ತು." ವಿಲ್ಫ್ ಆಕಾಶದಿಂದ ಕಣ್ಣು ತೆಗೆಯಲಿಲ್ಲ. "ಸುಳ್ಳೇನೂ ಹೇಳ್ಲಿಲ್ವಲ್ಲ ನೀನು."

ಅವನು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕೊನೆಗೆ ದಕ್ಷಿಣದಲ್ಲಿ ಎಂಜಿನ್ ಸದ್ದು ಕೇಳಿತು. ಒಂದೇ ವಿಮಾನ. ಮೈಮೇಲಿನ ಗುರುತಿನ ಅಕ್ಷರ ಕಾಣುವವರೆಗೂ ಸಿರಿಲ್, ಇದು ನನ್ನದಾಗದಿರಲಿ ದೇವರೇ, ಹಿಲ್ಡಾ ಆಗಲಿ, ಎಂದು ಬೇಡಿಕೊಂಡ. ಇಳಿದದ್ದು ಅವನದೇ.

"ನಿಂದು ಬಂತು, ಹೋಗು," ಎಂದ ವಿಲ್ಫ್. "ಕಾಯ್ತಿರ್ತಾರೆ."

ಪಕ್ಕದ ಹಾಸಿನ ಮೇಲೆ ಏಳು ಜನ ವಿಮಾನದಿಂದ ಇಳಿದು, ಸಿಗರೇಟು ಹಚ್ಚಿಕೊಂಡು, ತಮ್ಮ ಸಾರ್ಜೆಂಟ್ ಎಲ್ಲಿ ಹೋದನೆಂದು ಸುತ್ತ ನೋಡುತ್ತಿದ್ದರು. ಒಬ್ಬ ಅವನನ್ನು ಕಂಡು ನಗುತ್ತ ಕೈ ಬೀಸಿದ. ಹಿಲ್ಡಾಳ ಖಾಲಿ ಹಾಸಿನ ಮೇಲೇ ನಿಂತಿದ್ದ ಸಿರಿಲ್‌ಗೆ ಕೈಯೆತ್ತಲಾಗಲಿಲ್ಲ.