ಅಕ್ಕ ಬಿಟ್ಟ ಮಾತ್ರೆ

ಅಕ್ಕತಂಗಿಯರ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವುದು ತಂಗಿ, ಮಿಷನ್ನಿಗೆ ಕೂರುವುದು ಅಕ್ಕ. ಕತ್ತರಿ ಹಿಡಿದು ಹಿಡಿದು ತಂಗಿಯ ಭುಜದಿಂದ ಬೆರಳ ತುದಿಯವರೆಗೆ ಇಳಿದಿದ್ದ ನೋವು ವರ್ಷಗಟ್ಟಲೆ ಅವಳ ಜೀವ ಹಿಂಡಿತ್ತು. ಅವಳ ಮಾತೂ ಕತ್ತರಿಯೇ. ಅಕ್ಕನೋ, ಗಿರಾಕಿಗಳನ್ನು ನಗಿಸದೆ ಕಳಿಸಿದವಳಲ್ಲ. ಅಳತೆಗೆಂದು ಹೊಟ್ಟೆ ಒಳಗೆಳೆದುಕೊಂಡವರಿಗೆ, “ಉಸಿರು ಬಿಡಿ ಸ್ವಾಮಿ, ಅಂಗಿ ಹಾಕ್ಕೊಳೋದು ನೀವೇ ತಾನೇ?” ಅನ್ನುವವಳು.

ಡಾಕ್ಟರು ತಂಗಿಗೆ ರಾತ್ರಿಗೊಂದು ಪುಟ್ಟ ಮಾತ್ರೆ ಬರೆದರು. ಖಿನ್ನತೆಗೆ ಕೊಡುವ ಔಷಧಿಯೇ, ತೀರಾ ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ನರದ ನೋವು ತಗ್ಗುತ್ತದೆ ಎಂದು ಬಿಡಿಸಿ ಹೇಳಿದರು. ಇವಳ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ. ಅಂಗಡಿಗೆ ಬಂದವಳೇ ಕುಣಿದಾಡಿಬಿಟ್ಟಳು.

“ನಾನೇನು ಹುಚ್ಚಿಯಾ? ತಲೆ ಕೆಟ್ಟವರು ನುಂಗೋ ಮಾತ್ರೆ ನನಗ್ಯಾಕೆ?”

“ನುಂಗಿ ನೋಡೇ, ತಲೆ ಇದ್ದವರಿಗೇ ಕೊಡೋದು,” ಎಂದು ಅಕ್ಕ ನಕ್ಕಳು.

ತಂಗಿ ಒಲ್ಲದ ಮನಸ್ಸಿನಿಂದಲೇ ನುಂಗಿದಳು. ಬಾಯಿ ಒಣಗುತ್ತಿತ್ತು, ಬೆಳಿಗ್ಗೆ ತೂಕಡಿಕೆ ಬರುತ್ತಿತ್ತು. ಆದರೆ ಕೆಲವು ವಾರಗಳಲ್ಲಿ ನೋವು ಅರ್ಧಕ್ಕರ್ಧ ಇಳಿಯಿತು, ಕತ್ತರಿ ಕೈಯಲ್ಲಿ ನಿಂತಿತು.

ಮಾತ್ರೆ ಮುಗಿದ ದಿನ ಔಷಧಿ ಅಂಗಡಿಗೆ ಹೋದಳು. ಅಂಗಡಿಯವನು ಗುರುತು ಹಿಡಿದು, ಕೇಳುವ ಮೊದಲೇ ಎತ್ತಿಟ್ಟಿದ್ದ ಪೊಟ್ಟಣ ಕೊಟ್ಟ. ಹೆಸರು ಅದೇ, ಮಾತ್ರೆ ಮಾತ್ರ ದಪ್ಪ.

“ಇದು ನನ್ನದಲ್ಲ, ನನ್ನದು ಹತ್ತು ಮಿಲಿಗ್ರಾಂದು.”

“ಅಯ್ಯೋ, ಎಪ್ಪತ್ತೈದು ನಿಮ್ಮಕ್ಕಂದು! ಎಷ್ಟೋ ವರ್ಷದಿಂದ ಒಯ್ತಿದ್ರು, ಈಚೆಗೆ ಬಂದೇ ಇಲ್ಲ. ನಿಮ್ಮನ್ನ ಕಳಿಸಿದ್ರು ಅಂದ್ಕೊಂಡೆ...” ಎಂದವನು ನಾಲಿಗೆ ಕಚ್ಚಿಕೊಂಡ.

ಹಾಗಾದರೆ ಅಕ್ಕನಿಗೂ ನರದ ನೋವು! ಮುಚ್ಚಿಟ್ಟಿದ್ದಾಳೆ ಕಳ್ಳಿ! ತಂಗಿ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಬಂದಳು.

“ಏನಕ್ಕಾ, ನೋವಲ್ಲೂ ನನ್ನ ಜೊತೆ ಪೈಪೋಟಿನಾ? ಎಪ್ಪತ್ತೈದಂತೆ! ಎಲ್ಲಿ ನೋವು ನಿನಗೆ?”

ಮಿಷನ್ ನಿಂತಿತು. ಅಕ್ಕನ ಮುಖ ನಗುವಿಲ್ಲದೆ ಹೇಗಿರುತ್ತದೆ ಎಂಬುದನ್ನು ತಂಗಿ ಅವತ್ತೇ ನೋಡಿದ್ದು.

“ನೋವಿಗಲ್ಲ ಕಣೇ, ಮನಸ್ಸಿಗೆ. ತಲೆ ಕೆಟ್ಟವರ ಮಾತ್ರೆ ಅಂದ್ಯಲ್ಲ, ಅವತ್ತೇ ಬಿಟ್ಟುಬಿಟ್ಟೆ. ನಿನ್ನ ಕಣ್ಣಿಗೆ ಬಿದ್ದರೆ ಅಂತ ನಾಚಿಕೆ ಆಯ್ತು.”

ತಂಗಿ ಹತ್ತಿರ ಬಂದಳು. “ಬಿಟ್ಟ ಮೇಲೆ... ಹೇಗಿದ್ದೀಯ?”

“ಮಧ್ಯಾಹ್ನ ಟ್ರಯಲ್ ರೂಮಿನ ಚಿಲಕ ಹಾಕ್ಕೊಂಡು ಮಲಗ್ತೀನಿ ಅಂತ ಬೈತೀಯಲ್ಲ. ಮಲಗಲ್ಲ. ಬದುಕಿದ್ದು ಏನಾಗ್ಬೇಕು ಅಂತ ಕೂತಿರ್ತೀನಿ.”

ಆ ಬಾಗಿಲನ್ನು ತಂಗಿ ಎಷ್ಟು ಸಲ ಬಡಿದಿದ್ದಳು, “ಎದ್ದೇಳೇ ಸೋಂಬೇರಿ” ಎಂದು! ಒಳಗೆ ಸಾವಿನ ಮಾತು ನಡೆದಿತ್ತು, ಹೊರಗೆ ಇವಳು ಕಾಲರಿಗೆ ಬಟ್ಟೆ ಕತ್ತರಿಸುತ್ತಿದ್ದಳು. ಮಿಷನ್ನಿನ ಸ್ಕ್ರೂಡ್ರೈವರ್ ಎತ್ತಿಕೊಂಡು ಹೋಗಿ ಟ್ರಯಲ್ ರೂಮಿನ ಚಿಲಕ ಬಿಚ್ಚಿ ಬಿಸಾಕಿದಳು.

“ಏಳು, ಈಗಲೇ ಡಾಕ್ಟರ ಹತ್ರ ಹೋಗೋಣ.”

“ಗಿರಾಕಿಗಳು ಬರ್ತಾರಲ್ಲೇ.”

“ಬರಲಿ, ಬೀಗ ನೋಡ್ಕೊಂಡು ವಾಪಸ್ ಹೋಗ್ತಾರೆ. ನೀನೇ ಇಲ್ಲದ ಅಂಗಡಿಗೆ ಬಂದು ಅಕ್ಕ ಎಲ್ಲಿ ಅಂತ ಕೇಳಿದರೆ ನಾನೇನು ಹೇಳಲಿ?”