ಎಲ್ಲರೂ ಉಂಡ ಮೇಲೆ

ಲಂಡನ್ನಿನ ರೇನರ್ಸ್ ಲೇನಿನ ಆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಎದ್ದಿತೆಂದರೆ ಪರಪ್ಪನವರ ಪೂಜೆ ಮುಗಿಯುತ್ತ ಬಂತೆಂದೇ ಲೆಕ್ಕ. ವಿಜಯಪುರ ಬಿಟ್ಟು ಮಗನ ಹತ್ತಿರ ಬಂದು ಎಷ್ಟೋ ವರ್ಷವಾದರೂ ಮುದುಕರಿಗೆ ತವೆಯಿಂದ ನೇರ ತಟ್ಟೆಗೆ ಇಳಿದ ರೊಟ್ಟಿಯೇ ಬೇಕು. ಮಗ ಸಂಗಮೇಶ ಟ್ಯೂಬ್ ರೈಲು ಇಳಿದು ಬರುವ ತನಕ ಅವರು ಉಣ್ಣುವುದಿಲ್ಲ. ಅವರಿಬ್ಬರೂ ಉಂಡು ಏಳುವ ತನಕ ಸೊಸೆ ನೀಲವ್ವ ಕೂಡುವುದಿಲ್ಲ. ಕೂಡಬೇಡ ಎಂದು ಯಾರೂ ಹೇಳಿಲ್ಲ. ಕೂಡು ಎಂದೂ ಯಾರೂ ಹೇಳಿಲ್ಲ.

"ಹೆಸರಕಾಳ ಪಲ್ಯ ಭಾಳ ಚಲೋ ಆಗೇದವಾ. ಆ ಕ್ಲಾಸಿನ್ಯಾಗ ಕಲ್ತದ್ದೇನು?"

"ಹೌದ್ರಿ ಮಾವಾರ. ಎಣ್ಣಿ ಕಡಿಮಿ ಹಾಕೀನಿ."

"ಹಂಗಾರ ತಪ್ಪಸಬ್ಯಾಡ, ಹೋಗು. ನಮಗೂ ಲಾಭ ಅದ," ಎಂದು ಪರಪ್ಪ ನಕ್ಕರು. ಸಂಗಮೇಶ ಮೆಂತೆಪಲ್ಯವನ್ನು ಬಳಿದು ಹಾಕಿಕೊಂಡ. ಅವರು ಎದ್ದ ಮೇಲೆ ಪಾತ್ರೆಗಳಲ್ಲಿ ಉಳಿದದ್ದು ತಳದ ಅನ್ನ, ತಿಳಿಸಾರು, ಮಗಳು ಅನ್ವಿತಾ ಅರ್ಧಕ್ಕೆ ಬಿಟ್ಟ ರೊಟ್ಟಿ. ನೀಲವ್ವ ಒಲೆಯ ಪಕ್ಕ ನಿಂತೇ ಉಂಡಳು.

ಐವತ್ತು ದಾಟಿದ ಅವಳಿಗೆ ಸಕ್ಕರೆ ಕಾಯಿಲೆ. ಪಿನ್ನರ್‌ನ ಸಮುದಾಯ ಭವನದಲ್ಲಿ ಅವಳ ವಯಸ್ಸಿನ ಹೆಂಗಸರಿಗೆ ಅಡುಗೆ ಮತ್ತು ಆಹಾರದ ತರಗತಿ ನಡೆಯುತ್ತದೆಂದು ತಿಳಿದು ಸೇರಿದ್ದಳು. ಕಲಿಸುವವಳು ಉಡುಪಿ ಕಡೆಯ ಬೆಲ್ಲಾ. ತಟ್ಟೆಯ ಅರ್ಧ ತರಕಾರಿ, ಉಳಿದರ್ಧದಲ್ಲಿ ಕಾಳು ಮತ್ತು ರೊಟ್ಟಿ. ನೀಲವ್ವನಷ್ಟು ಬೇಗ ಕಲಿತವರು ಗುಂಪಿನಲ್ಲಿ ಇನ್ನೊಬ್ಬರಿಲ್ಲ. ಆದರೂ ಅವಳ ಸಕ್ಕರೆ ಇಳಿಯಲಿಲ್ಲ. ಜಿಪಿ ಡಾಕ್ಟರು ಇನ್ನೊಂದು ಗುಳಿಗೆ ಸೇರಿಸಿ, ಇದನ್ನು ನುಂಗಿದ ಮೇಲೆ ಊಟ ತಡ ಮಾಡಬಾರದು ಎಂದಿದ್ದರು.

"ನಿನ್ನೆ ರಾತ್ರಿ ಊಟಕ್ಕೆ ಏನು ನೀಲಕ್ಕಾ?" ಮರುದಿನ ತರಗತಿಯಲ್ಲಿ ಬೆಲ್ಲಾ ಕೇಳಿದಳು.

"ಹೆಸರಕಾಳ ಪಲ್ಯ, ಮೆಂತೆಪಲ್ಯ, ಸೌತಿಕಾಯಿ..."

"ಅದು ನೀವು ಮಾಡಿದ್ದಲ್ವಾ ಮಾರಾಯ್ರೆ. ನೀವು ತಿಂದದ್ದು ಏನು?"

ನೀಲವ್ವ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. ಈ ಪ್ರಶ್ನೆಯನ್ನು ಅವಳಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ. ಪಕ್ಕದಲ್ಲಿದ್ದ ಧಾರವಾಡದ ಪ್ರತೀಕ್ಷಾ ನಕ್ಕುಬಿಟ್ಟಳು. "ಕೌನ್ಸಿಲ್‌ನವರು ಉಳಿದ ಅನ್ನ ಚೆಲ್ಲಾಕ ಡಬ್ಬಿ ಕೊಟ್ಟಾರಲ್ಲ, ನಮ್ಮನ್ಯಾಗ ಅದು ಖಾಲೀನ ಇರ್ತದ ನೋಡ್ರಿ. ನಾ ಅದೀನಲ್ಲ!"

ಎಲ್ಲರೂ ನಕ್ಕರು. ನಗು ಬೇಗ ಆರಿತು. ಒಬ್ಬೊಬ್ಬರೂ ತಮ್ಮ ಮುಂದಿನ ಚಾಕು, ಹೆಚ್ಚಿದ ಗಜ್ಜರಿಗಳನ್ನೇ ನೋಡತೊಡಗಿದರು.

"ಮಾಡಲಿಕ್ಕೆ ಕಲಿಸಿದ್ದು ಸಾಲಲಿಲ್ಲ ಅಂತ ಆಯ್ತು," ಎಂದಳು ಬೆಲ್ಲಾ. "ಮೊದಲು ನಿಮ್ಮ ತಟ್ಟೆ ಬಡಿಸಿ ತೆಗೆದಿಡಿ."

ಅಂದು ಸಂಜೆ ನೀಲವ್ವ ಹಾಗೇ ಮಾಡಿದಳು. ನೀರಿಗೆಂದು ಅಡುಗೆಮನೆಗೆ ಬಂದ ಪರಪ್ಪ ಮುಚ್ಚಿಟ್ಟ ತಟ್ಟೆಯ ಮುಚ್ಚಳ ಎತ್ತಿ ನೋಡಿದರು. "ಲಿಂಗಕ್ಕ ನೈವೇದ್ಯದ ಎಡಿ ತೋರಿಸೋಕಿಂತ ಮೊದಲ ತನಗ ತಟ್ಟಿ! ನಾವೇನು ನಿನಗ ಬಿಡಲಾರದಂಗ ತಿನ್ನೋ ಮಂದಿ ಏನವಾ?"

ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಅದೇ ಅವಳಿಗೆ ತಡೆಯಲಾಗಲಿಲ್ಲ. ತಟ್ಟೆಯಲ್ಲಿದ್ದುದನ್ನು ಪಾತ್ರೆಗಳಿಗೆ ಹಿಂದಿರುಗಿಸಿದಳು. ಗುಳಿಗೆಯನ್ನು ಮಾತ್ರ ರೂಢಿಯಂತೆ ಗಂಡಸರ ತಟ್ಟೆ ಹಾಕುವಾಗಲೇ ನುಂಗಿದಳು. ಆಮೇಲಾದರೆ ಮರೆತುಹೋಗುತ್ತದೆ.

ಅದೇ ಸಂಜೆ ಟ್ಯೂಬ್ ಹಳಿಯ ಮೇಲೆ ಎಲ್ಲೋ ನಿಂತುಹೋಯಿತು. ಸಂಗಮೇಶ ಬರಲಿಲ್ಲ. ಪರಪ್ಪ ಕಾದರು. ಪರಪ್ಪ ಕಾದದ್ದಕ್ಕೆ ನೀಲವ್ವನೂ ಕಾದಳು. ಬೆನ್ನೆಲ್ಲ ಬೆವರಿತು, ತುಟಿ ಜುಮುಗುಟ್ಟಿತು. ಕೈಗೆಟಕುವ ಹಾಗೆ ಬುಟ್ಟಿಯಲ್ಲಿ ಬೆಳಗ್ಗೆ ಬಡಿದಿಟ್ಟ ರೊಟ್ಟಿಗಳಿದ್ದವು. ಒಂದು ತುಣುಕು ಮುರಿದು ಬಾಯಿಗಿಡಬಹುದಿತ್ತು. ಹಿರಿಯರು ಹಸಿದು ಕೂತಿರುವಾಗ ಆ ತುಣುಕು ಅವಳಿಗೆ ಕಳವಿನಂತೆ ಕಂಡಿತು. ಸಂಗಮೇಶ ಬಂದು ತಟ್ಟೆಯ ಮುಂದೆ ಕೂತಾಗ, ರೊಟ್ಟಿ ಹಾಕಲು ಹೋದ ಅವಳು ಕಾದ ತವೆಯ ಮೇಲೆ ಕುಸಿದಳು.

"ಮಮ್! ಮಮ್!" ಅನ್ವಿತಾಳ ಕೂಗು ಎಲ್ಲೋ ದೂರದಿಂದ ಕೇಳಿತು.

ನೀಲವ್ವ ಸುಟ್ಟ ಮೊಳಕೈಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಿಂದ ಮರಳಿದ ಮೇಲೆ ಅವಳನ್ನು ನೋಡಲು ಬಂದ ಬೆಲ್ಲಾ ಪರಪ್ಪನವರ ಎದುರಿಗೇ ಕೂತಳು. "ಅಜ್ಜ, ಗುಳಿಗೆ ನುಂಗಿ ಉಣ್ಣದೆ ಕೂತು ಸಕ್ಕರೆ ತೀರಾ ಇಳಿದು ಬಿದ್ದದ್ದು. ಹೀಗೇ ಕಾಯುತ್ತಾ ಕೂತರೆ ಮುಂದಿನ ಸಲ ಏಳಲಿಕ್ಕಿಲ್ಲ."

"ಗುಳಿಗಿ ಬದಲಿ ಮಾಡ್ಸೋಣು. ಮನಿ ಪದ್ಧತಿಗೆ ಯಾಕ ಕೈ ಹಾಕ್ತಿ ತಂಗಿ? ನಮ್ಮವ್ವ ತುಂಬಿದ ಮನಿಗೆ ಬಡಿಸಿ ಕಡೀಕ ಉಂಡಾಕಿ. ಒಂದಿನ ಡಾಕ್ಟರ ಮಾರಿ ನೋಡಲಿಲ್ಲ."

"ಎಷ್ಟು ವರ್ಷ ಬದುಕಿದ್ರು ಅವರು?"

ಪರಪ್ಪ ಗೋಡೆಯ ಕಡೆ ನೋಡಿದರು. ನೀಲವ್ವನಿಗೆ ಉತ್ತರ ಗೊತ್ತಿತ್ತು. ನಡುಮನೆಯ ಗೋಡೆಯ ಮೇಲಿನ, ಪರಪ್ಪನವರ ತಾಯಿಯ ಫೋಟೋವನ್ನು ಅವಳು ದಿನಾ ಒರೆಸುತ್ತಾಳೆ. ಅದರಲ್ಲಿದ್ದ ಹೆಂಗಸಿನ ತಲೆಯಲ್ಲಿ ಒಂದೂ ಬಿಳಿ ಕೂದಲಿಲ್ಲ. ತನಗಿಂತ ಎಷ್ಟೋ ಚಿಕ್ಕವಳು.

"ಅದು ದೇವರ ಇಚ್ಛಾ," ಎಂದು ಮುದುಕರು ಕೊನೆಗೆ ಗೊಣಗಿದರು.

ಮರುದಿನ ಸಂಜೆ ನೀಲವ್ವ ಎಲ್ಲ ರೊಟ್ಟಿಗಳನ್ನೂ ಮಾಡಿ ಬುಟ್ಟಿಯಲ್ಲಿಟ್ಟು ಒಲೆ ಆರಿಸಿದಳು. ಎಲ್ಲರಿಗೂ ತಟ್ಟೆ ಹಾಕಿದಳು, ತನಗೂ. ಗುಳಿಗೆ ನುಂಗಿ, ಕುರ್ಚಿ ಎಳೆದು ಕೂತಳು.

ಪರಪ್ಪ ಅವಳನ್ನು ನೋಡಿದರು, ತಟ್ಟೆ ನೋಡಿದರು. ಊಟ ಮುಟ್ಟದೆ ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಗಮೇಶನ ಮುಖ ಬಿಳಿಚಿಕೊಂಡಿತು. "ನೀಲಾ, ಏಳು. ಹೋಗಿ ತಪ್ಪಾತು ಅನ್ನು. ಈ ವಯಸ್ಸಿನ್ಯಾಗ ಅಪ್ಪ ಉಪಾಸ ಮಲಗಿದರ ಏನಾದರೂ ಆದೀತು."

"ಡ್ಯಾಡ್, ಲೆಟ್ ಹರ್ ಈಟ್!" ಎಂದಳು ಅನ್ವಿತಾ.

"ನೀ ಸುಮ್ಕಿರು. ನೀಲಾ, ಇವತ್ತೊಂದಿನ. ನನ್ನ ಸಲುವಾಗಿ."

ಮುದುಕರಿಗೆ ಏನಾದರೂ ಆದರೆ ಊರ ತುಂಬ ತನ್ನ ಹೆಸರೇ ಬರುತ್ತದೆಂದು ನೀಲವ್ವನಿಗೆ ಗೊತ್ತಿತ್ತು. ಎಂದಿಗಿಂತ ಹೆಚ್ಚು ಹೆದರಿದ್ದಳು. ರೊಟ್ಟಿ ಮುರಿದಳು. ಪಲ್ಯ ಹಚ್ಚಿ ಬಾಯಿಗಿಟ್ಟಳು.

"ಬಾಗಲಾ ಬಡದು ಕರೀರಿ," ಎಂದಳು. "ಬರ್ರಿ, ಕೂಡೇ ಉಣ್ಣೂಣು ಅಂತ ಹೇಳ್ರಿ. ನಾ ಏಳಂಗಿಲ್ಲ."

ಸಂಗಮೇಶ ಎದ್ದು ಹೋಗಿ ಬಾಗಿಲು ತಟ್ಟಿದ. ಬಾಗಿಲು ತೆರೆಯಲಿಲ್ಲ. ಮತ್ತೆ ತಟ್ಟಿದ. ಆ ಸದ್ದು ನೀಲವ್ವನ ಎದೆಗೇ ಬಡಿಯುತ್ತಿತ್ತು. ಪಟ್ಟಿ ಕಟ್ಟಿದ ಕೈಯಿಂದ ನೀರಿನ ಲೋಟ ಎತ್ತಿ ಎರಡು ಗುಟುಕು ಕುಡಿದಳು. ಇನ್ನೊಂದು ಕೈಯಿಂದ ಮುಂದಿನ ತುತ್ತು ಎತ್ತಿದಳು.