ಬೀದಿಗೆ ಹರಿದ ಬಿಸಿಲು

ಆಕಾಶದಿಂದ ಹೊರಟ ಸಿಡಿಲನ್ನು ಒಮ್ಮೆ "ಎಲ್ಲಿಗೋ ಹೊರಟೆ?" ಎಂದು ಗದರಿಸಿ, ಬಂದ ದಾರಿಯಲ್ಲೇ ಮೋಡದೊಳಕ್ಕೆ ವಾಪಸು ಕಳಿಸಿದವನು ಈ ಇನ್ವರ್ಟರ್ ಮಿಸ್ತ್ರಿ. ನೋಡಿದವರು ಯಾರೂ ಇಲ್ಲ. ನೋಡಿದ್ದರೆ ಕಣ್ಣೇ ಹೋಗಿರುತ್ತಿತ್ತು ಎಂಬುದು ಅವನ ವಾದ.

ಅಂಥವನು ಅತ್ತೆಯ ಬೇಕರಿಯ ತಾರಸಿಯ ಮೇಲೆ, ಸೂರ್ಯನಿಗೇ ಕಾಲಿಡಲು ಜಾಗವಿಲ್ಲದಷ್ಟು ಸೋಲಾರ್ ಪ್ಯಾನೆಲ್ ಹಾಸಿದ್ದ. ಬಿಸಿಲಿನ ಕರೆಂಟು ಬೇಕರಿಗೆ ಬೇಕಾದಷ್ಟೇ ಹುಟ್ಟಬೇಕು, ಬೀದಿಯ ಲೈನಿಗೆ ಹನಿಯೂ ಹೋಗಬಾರದು ಎಂಬುದು ವಿದ್ಯುತ್ ಕಚೇರಿಯ ಕಟ್ಟಪ್ಪಣೆ. ಇವತ್ತು ಪರೀಕ್ಷೆಗೆ ಬರುವ ಇಂಜಿನಿಯರಮ್ಮ ಒಪ್ಪದಿದ್ದರೆ ಪ್ಯಾನೆಲ್‌ಗಳೆಲ್ಲ ಕೆಳಗೆ ಎಂದು ಅತ್ತೆ ಬೆಳಗ್ಗೆಯೇ ಹೇಳಿಬಿಟ್ಟಿದ್ದರು.

ಇಂಜಿನಿಯರಮ್ಮ ಬಂದರು, ಪರೀಕ್ಷೆಗೆಂದು ಓವನ್ ಹಾಕಿಸಿದರು. ಬಿಸಿಲನ್ನು ಕರೆಂಟು ಮಾಡಿ ಕೊಡಬೇಕಾದ ಇನ್ವರ್ಟರ್ ಉಂಡ ಹೆಬ್ಬಾವಿನಂತೆ ಮಲಗಿತು. ಓವನ್, ದೀಪ ಎಲ್ಲ ಆರಿಸಿದರು. ಈಗ ಬಾಲಕ್ಕೆ ಬೆಂಕಿ ಬಿದ್ದಂತೆ ಎದ್ದು, ಕರೆಂಟನ್ನೆಲ್ಲ ಬೀದಿಗೆ ಸುರಿಯತೊಡಗಿತು.

"ಮನೆಗೆ ಮಾರಿ, ಊರಿಗೆ ಉಪಕಾರಿ!" ಎಂದರು ಅತ್ತೆ. "ಮಷೀನು ಥೇಟ್ ನಿಮ್ಮ ಹಾಗೇ ಇದೆ ಅಳಿಯಂದ್ರೇ."

"ನನ್ನ ಕಂಡು ಬೀದಿ ಕರೆಂಟು ಹೆದರಿದೆ ಅತ್ತೆ. ಸ್ವಲ್ಪ ಸಮಾಧಾನ ಮಾಡ್ತೀನಿ."

ಮಿಸ್ತ್ರಿ ಮೀಟರ್ ಪೆಟ್ಟಿಗೆ ತೆರೆದು ಇಣುಕಿದ. ಒಳಗೆ ತಂತಿಯ ಸುತ್ತ ಬಳೆಯಂತೆ ಒಂದು ಕ್ಲ್ಯಾಂಪು. ಕರೆಂಟು ಬೀದಿಯಿಂದ ಬರುತ್ತಿದೆಯೋ ಬೀದಿಗೆ ಹೋಗುತ್ತಿದೆಯೋ ಎಂದು ಇನ್ವರ್ಟರಿಗೆ ಚಾಡಿ ಹೇಳುವುದು ಅದರ ಕೆಲಸ. ಅದರ ಮೇಲಿನ ಬಾಣ ತಿರುಗುಮುರುಗಾಗಿತ್ತು. ಪಾಪ, ಮಷೀನು ಬರುವುದನ್ನು ಹೋಗುವುದೆಂದೂ ಹೋಗುವುದನ್ನು ಬರುವುದೆಂದೂ ನಂಬಿಕೊಂಡಿತ್ತು. ಮಿಸ್ತ್ರಿ ಬೆನ್ನು ಅಡ್ಡ ಕೊಟ್ಟು ಕ್ಲ್ಯಾಂಪನ್ನು ತಿರುಗಿಸಿ ಕೂರಿಸಿದ. ಆಮೇಲೆ ಪೆಟ್ಟಿಗೆಗೆ ಬೆರಳು ತೋರಿಸಿ, "ಮರ್ಯಾದೆಯಾಗಿ ನಡ್ಕೋ!" ಎಂದ.

ಓವನ್ ಹಾಕಿದರು, ಇನ್ವರ್ಟರ್ ಎದ್ದಿತು. ಆರಿಸಿದರು, ತೆಪ್ಪಗಾಯಿತು. ಬೀದಿಗೆ ಹೋದದ್ದು ಸೊನ್ನೆ. ಅತ್ತೆ ಬಾಯಿ ಬಿಟ್ಟುಕೊಂಡು ನಿಂತರು. ಅಳಿಯನ ಎದೆ ಬನ್ನಿಗಿಂತ ಹೆಚ್ಚು ಉಬ್ಬಿತು.

ಇಂಜಿನಿಯರಮ್ಮ ಮಾತ್ರ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. "ತಪ್ಪೇನಿತ್ತು ಮಿಸ್ತ್ರಿಗಳೇ?"

"ಗದರಿಸಿದೆ, ಅಷ್ಟೇ ಮೇಡಂ. ಕರೆಂಟಿಗೆ ನನ್ನ ದನಿ ಗೊತ್ತು."

"ನಾಳೆ ನಿಮಗೆ ಗಂಟಲು ಕಟ್ಟಿದ್ರೆ? ಕಾರಣ ಗೊತ್ತಿಲ್ಲದ ಮಷೀನಿಗೆ ನಾನು ಸಹಿ ಹಾಕಲ್ಲ. ಬಿಚ್ಚಿಸಿಬಿಡಿ."

ಅತ್ತೆ ಆಗಲೇ ಏಣಿಯ ಕಡೆ ನೋಡುತ್ತಿದ್ದರು. ಮಿಸ್ತ್ರಿ ಏಣಿಗೆ ಅಡ್ಡ ನಿಂತ.

"ಕ್ಲ್ಯಾಂಪು ಉಲ್ಟಾ ಹಾಕಿದ್ದೆ ಮೇಡಂ. ಈಗ ಕದ್ದು ತಿರುಗಿಸಿದೆ." ಅತ್ತೆಯ ಮುಖ ನೋಡದೆಯೇ ಸೇರಿಸಿದ: "ಹಾಕುವಾಗ ಜಂಬ ಕೊಚ್ತಾ ಇದ್ದೆ. ಬಾಣ ನೋಡ್ಲೇ ಇಲ್ಲ."

ಇಂಜಿನಿಯರಮ್ಮ ಪೆನ್ನಿನ ಮುಚ್ಚಳ ತೆಗೆದರು.